ಮದುವೆ 1989ರಲ್ಲಿ, ಅಪ್ಪ ತೀರಿಕೊಂಡಿದ್ದು 1999ರಲ್ಲಿ: ತಾತನ ಜಮೀನಿನಲ್ಲಿ ನನಗೆ ಪಾಲಿದೆಯಾ?

ಪ್ರಶ್ನೆ: ನನ್ನ ತವರು ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿ. ಭದ್ರಾ ನಾಲೆಯ ಕೆಳಗೆ ತಾತನ ಕಾಲದ 9 ಎಕರೆ ಗದ್ದೆ ಇದೆ. ಇನ್ನೂ 20 ಗುಂಟೆ ಇತ್ತು, ಅದನ್ನು ಅಣ್ಣಂದಿರು 2002ರಲ್ಲಿ ಮಾರಿದರು. ನಾವು ಮೂರು ಮಕ್ಕಳು, ಇಬ್ಬರು ಅಣ್ಣಂದಿರು ಮತ್ತು ನಾನು. ನನ್ನ ಮದುವೆ ಆಗಿದ್ದು 1989ರಲ್ಲಿ. ಅಪ್ಪ 1999ರಲ್ಲಿ, ಅಮ್ಮ 2011ರಲ್ಲಿ ತೀರಿಕೊಂಡರು. ಇಬ್ಬರೂ ವಿಲ್ ಬರೆದಿಲ್ಲ. 2016ರಲ್ಲಿ ಒಬ್ಬ ವಕೀಲರನ್ನು ಕೇಳಿದಾಗ "ನಿಮ್ಮ ತಂದೆ 2005ಕ್ಕೆ ಮೊದಲೇ ಹೋಗಿದ್ದಾರೆ, ನಿಮಗೆ ಏನೂ ಬರಲ್ಲ" ಎಂದರು. ಸುಮ್ಮನಾದೆ. ಈಗ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕರೆಯುತ್ತಿದ್ದಾರೆ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಐವತ್ತು ಸಾವಿರ ಕೊಡ್ತಾರಂತೆ. 2003ರಲ್ಲೇ ಪಂಚರ ಮುಂದೆ ಪಾಲಾಗಿದೆ, ಬಿಳಿ ಹಾಳೆಯಲ್ಲಿ ಬರೆದ ಪಾಲುಪಟ್ಟಿ ಇದೆ, ಪಹಣಿಯೂ ನಮ್ಮ ಹೆಸರಿಗಾಗಿದೆ, ನಿನ್ನ ಮದುವೆಗೆ ಬಂಗಾರ ಹಾಕಿದ್ದೇವೆ ಅಂತಾರೆ. ಆ ಪಹಣಿ ನಾನು ನೋಡಿದ್ದೇ ಹೋದ ತಿಂಗಳು. ನನಗೆ ನಿಜವಾಗಿ ಪಾಲಿದೆಯಾ? ಕೇಳಿದರೆ ತವರು ತಪ್ಪುತ್ತೆ ಅಂತ ಭಯ.

ಉತ್ತರ: ಪಾಲಿದೆ ಅಮ್ಮಾ. ಆ ಪತ್ರಕ್ಕೆ ಸದ್ಯಕ್ಕೆ ಸಹಿ ಹಾಕಬೇಡಿ. ನಿಮಗೆ ಏನೂ ಇಲ್ಲ ಅನ್ನುವುದು ನಿಜವಾಗಿದ್ದರೆ ನಿಮ್ಮ ಸಹಿ ಯಾಕೆ ಬೇಕಾಗುತ್ತಿತ್ತು? ಈಗ ಜಮೀನು ಕೊಳ್ಳುವವರು ಬಂದರೂ, ಬ್ಯಾಂಕಿನವರು ಸಾಲಕ್ಕೆ ಕಾಗದ ನೋಡಿದರೂ, ಮೊದಲು ಕೇಳುವುದು "ಹೆಣ್ಣುಮಕ್ಕಳ ಸಹಿ ಎಲ್ಲಿ" ಅಂತ. ಹಾಗೆ ಕೇಳುವಂತೆ ಮಾಡಿದ್ದು 2020ರ ಆಗಸ್ಟ್ 11ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪು.

ಮೊದಲು ನಿಮ್ಮ 2016ರ ವಕೀಲರ ಮಾತಿಗೆ ಬರುತ್ತೇನೆ. ಅದೇ ವರ್ಷ ಜಗಳೂರು ಕಡೆಯ ಒಬ್ಬ ತಾಯಿಗೆ ನಾನೂ ಹೆಚ್ಚುಕಡಿಮೆ ಅದೇ ಉತ್ತರ ಕೊಟ್ಟು ಕಳಿಸಿದ್ದೆ. ಪಹಣಿ, ಕಂದಾಯದ ರಸೀದಿ, ಮರಣ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ತಂದಿದ್ದರು. ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಮರಣ ಪತ್ರದ ತಾರೀಖು 1996 ಅಂತ ನೋಡಿದ ಮೇಲೆ ಉಳಿದ ಕಾಗದ ನಾನು ಬಿಡಿಸಲೇ ಇಲ್ಲ. 2020ರ ತೀರ್ಪು ಬಂದ ವಾರ ಹಳೆ ಡೈರಿ ಹುಡುಕಿ ಅವರಿಗೆ ಫೋನ್ ಮಾಡಿದೆ. ಆದರೆ ನಡುವಿನ ನಾಲ್ಕು ವರ್ಷ ವಾಪಸ್ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ನಿಮಗೆ ಉದ್ದವಾಗಿ ಬರೆಯುತ್ತಿದ್ದೇನೆ. ಈ ಕಾನೂನು ಐದು ವರ್ಷದಲ್ಲಿ ಎರಡು ಮೂರು ಸಲ ಮಗ್ಗುಲು ಬದಲಿಸಿದೆ. ಯಾವ ವರ್ಷ ಯಾರನ್ನು ಕೇಳಿದಿರಿ ಅನ್ನುವುದರ ಮೇಲೆ ಉತ್ತರ ಬೇರೆಯಾಗಿದೆ. ನಿಮ್ಮ ಹಾಗೆ 2016ರ ಉತ್ತರವನ್ನೇ ನಂಬಿ ಕೂತವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ.

ಮೂಲ ಪ್ರಶ್ನೆ ಒಂದೇ. ಹಿರಿಯರ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿದಾಗ ಬರುತ್ತದಾ, ಅಪ್ಪ ಸತ್ತಾಗ ಬರುತ್ತದಾ?

ಗಂಡುಮಕ್ಕಳ ವಿಷಯದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ನಾಡಿನ ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಬಂಗಾಳದ ಕಡೆ ಬಿಟ್ಟು ದೇಶದ ಬಹುಭಾಗಕ್ಕೆ ಕೂಡುಕುಟುಂಬದ ಕಾನೂನಾಯಿತು. ಅದರ ಪ್ರಕಾರ ಮಗ ಹುಟ್ಟಿದ ಗಳಿಗೆಯಲ್ಲೇ ತಾತನ ಆಸ್ತಿಗೆ ಪಾಲುದಾರ. ಅಪ್ಪ ಬದುಕಿರುವುದು ಆ ಹಕ್ಕಿಗೆ ಅಡ್ಡಿಯಲ್ಲ. ಹಾಗಾಗಿ ಅದಕ್ಕೆ ಅಪ್ರತಿಬಂಧ ದಾಯ ಅಂತ ಹೆಸರು. ಯಾರಾದರೂ ಸತ್ತ ಮೇಲೆ ಮಾತ್ರ ಬರುವ ಹಕ್ಕು ಸಪ್ರತಿಬಂಧ ದಾಯ. ಈ ಎರಡು ಹಳೆ ಶಬ್ದ ನೆನಪಿಟ್ಟುಕೊಳ್ಳಿ, 2020ರ ತೀರ್ಪು ನಿಂತಿರುವುದು ಇವುಗಳ ಮೇಲೆಯೇ. ಹುಟ್ಟಿನಿಂದ ಪಾಲುದಾರರಾದವರನ್ನು ವಕೀಲರು ಕೋಪಾರ್ಸನರ್ ಅಂತಾರೆ.

ಹೆಣ್ಣುಮಕ್ಕಳಿಗೆ ಈ ಸ್ಥಾನ ಇರಲಿಲ್ಲ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದು, ಪಾಲಾಗುವಾಗ ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ನಾಲ್ಕನೇ ಒಂದು ಭಾಗ ಕೊಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದ ದಾವಣಗೆರೆಗೆ ಅದು ಅನ್ವಯಿಸುತ್ತಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಪಕ್ಕದ ಹರಪನಹಳ್ಳಿಗೆ ಇಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ಅಪ್ಪನ ಪಾಲಿನಲ್ಲಿ ಪಾಲು ಕೊಟ್ಟಿತು, ಹುಟ್ಟಿನ ಹಕ್ಕು ಕೊಡಲಿಲ್ಲ. 1994ರ ಜುಲೈ 30ರಿಂದ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಹುಟ್ಟಿನ ಹಕ್ಕನ್ನೂ ಕೊಟ್ಟಿತು. ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ ಅಂತ ಗೆರೆ ಎಳೆಯಿತು. 1989ರಲ್ಲಿ ಮದುವೆಯಾದ ನೀವು ಆ ಗೆರೆಯ ಆಚೆ ಬಿದ್ದಿರಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತೇ ಇಲ್ಲ. ಮಗಳೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳು ಎಂದಿತು. ಹಾಗಾಗಿ ನಿಮ್ಮ ಮದುವೆಯ ವರ್ಷದ ಮಾತು ಅಲ್ಲಿಗೇ ಮುಗಿಯಿತು.

ಮುಗಿಯದೆ ಉಳಿದಿದ್ದು ಅಪ್ಪನ ಸಾವಿನ ವರ್ಷ. ಬೆಳಗಾವಿ ಕಡೆಯಿಂದ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಅಪ್ಪ 1988ರಲ್ಲೇ ತೀರಿಕೊಂಡಿದ್ದರು. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, 2005ರ ಸೆಪ್ಟೆಂಬರ್ 9ರಂದು ಮಗಳೂ ಬದುಕಿರಬೇಕು, ಅಪ್ಪನೂ ಬದುಕಿರಬೇಕು ಎಂದಿತು. ನಿಮ್ಮ ವಕೀಲರು ಹೇಳಿದ್ದು ಇದನ್ನೇ. ಎರಡೇ ವರ್ಷಕ್ಕೆ, 2018ರ ಫೆಬ್ರವರಿ 1ರಂದು, ಇನ್ನೊಂದು ಇಬ್ಬರ ಪೀಠ ದಾನಮ್ಮ ವಿರುದ್ಧ ಅಮರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದೂ ನಮ್ಮ ಉತ್ತರ ಕರ್ನಾಟಕದ್ದೇ. ಅಪ್ಪ ತೀರಿಕೊಂಡಿದ್ದು 2001ರಲ್ಲಿ, ಹೆಣ್ಣುಮಕ್ಕಳಿಬ್ಬರೂ 1956ಕ್ಕೆ ಮೊದಲು ಹುಟ್ಟಿದವರು. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಕೈಬಿಟ್ಟಿದ್ದವು. ಸುಪ್ರೀಂ ಕೋರ್ಟ್ ಇಬ್ಬರಿಗೂ ತಲಾ ಐದನೇ ಒಂದು ಪಾಲು ಕೊಟ್ಟಿತು. ಆದರೆ ಫೂಲವತಿ ತೀರ್ಪು ತಪ್ಪು ಅಂತ ಹೇಳಲಿಲ್ಲ. ಹಾಗಾಗಿ ಒಂದೇ ಕೋರ್ಟಿನ ಎರಡು ಮಾತು ನಮ್ಮ ಕೈಯಲ್ಲಿ ಉಳಿದವು. ಆ ಎರಡು ವರ್ಷ ಕಕ್ಷಿದಾರರಿಗೆ ಏನು ಹೇಳಬೇಕು ಅಂತಲೇ ನಮಗೆ ತಿಳಿಯುತ್ತಿರಲಿಲ್ಲ.

ಇತ್ಯರ್ಥವಾಗಿದ್ದು ಮೊದಲೇ ಹೇಳಿದ 2020ರ ಆಗಸ್ಟ್ 11ರ ತೀರ್ಪಿನಲ್ಲಿ, ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ. ದೆಹಲಿಯ ಕುಟುಂಬ. ಅವರ ತಂದೆ ತೀರಿಕೊಂಡಿದ್ದೂ ನಿಮ್ಮ ತಂದೆಯ ಹಾಗೆ 1999ರಲ್ಲೇ. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ, ನಮ್ಮ ಕರ್ನಾಟಕದವರೇ ಆದ ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ ಅವರ ಪೀಠ ಮಿತಾಕ್ಷರದ ಆ ಎರಡು ಶಬ್ದಗಳನ್ನೇ ಹಿಡಿದು ಯೋಚಿಸಿತು. ಕಾಯ್ದೆ ಮಗಳಿಗೆ ಹುಟ್ಟಿನ ಹಕ್ಕು ಕೊಟ್ಟಿದೆ. ಹುಟ್ಟಿನ ಹಕ್ಕು ಅಪ್ರತಿಬಂಧ ದಾಯ. ಮಗನ ಹಕ್ಕಿಗೆ ಅಪ್ಪನ ಬದುಕು ಸಾವು ಅಡ್ಡಿಯಲ್ಲ ಅಂದ ಮೇಲೆ ಮಗಳ ಹಕ್ಕಿಗೆ ಅದು ಹೇಗೆ ಅಡ್ಡಿಯಾಗುತ್ತದೆ? ಹಾಗಾಗಿ ಅಪ್ಪ 2005ರಲ್ಲಿ ಬದುಕಿರಬೇಕಾಗಿಲ್ಲ ಎಂದು ಫೂಲವತಿ ತೀರ್ಪನ್ನು ತಳ್ಳಿಹಾಕಿತು. ಮೂವರ ಪೀಠವಾದ್ದರಿಂದ ಹಿಂದಿನ ಇಬ್ಬರ ಪೀಠಗಳ ಮಾತು ಅದರ ಮುಂದೆ ನಿಲ್ಲುವುದಿಲ್ಲ.

ನಾಲೆಯ ಕೆಳಗಿನವರಿಗೆ ಹೇಳುವುದಾದರೆ ಹೀಗೆ. ನೀರು ಮೊದಲಿಂದಲೂ ನಾಲೆಯಲ್ಲಿ ಇತ್ತು. ನಿಮ್ಮ ಗದ್ದೆಯ ತೂಬು ಮಾತ್ರ ಮುಚ್ಚಿತ್ತು, 2005ರಲ್ಲಿ ತೆಗೆದರು. ತೆಗೆದ ದಿನ ಅಪ್ಪ ಬದುವಿನ ಮೇಲೆ ನಿಂತಿದ್ದರೋ ಇಲ್ಲವೋ ಅನ್ನುವುದರ ಮೇಲೆ ನೀರು ಹರಿಯುವುದು ನಿಲ್ಲುವುದಿಲ್ಲ. ಹಾಗೇ, ತೂಬು ತೆಗೆಯುವ ಮೊದಲೇ ಹರಿದುಹೋದ ನೀರನ್ನು ವಾಪಸ್ ಕೇಳುವ ಹಾಗೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಮಾರಾಟ, ಪಾಲು, ವಿಲ್‌ಗಳನ್ನು ಕಾಯ್ದೆ ಮುಟ್ಟುವುದಿಲ್ಲ. ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. 2002ರಲ್ಲಿ ಮಾರಿದ ಆ 20 ಗುಂಟೆಯನ್ನು ಈಗ ಕೆದಕುವುದರಲ್ಲಿ ಅರ್ಥವಿಲ್ಲ ಅಂತ ನನ್ನ ಅಭಿಪ್ರಾಯ. 9 ಎಕರೆಯ ಮೇಲೆ ಗಮನ ಇಡಿ.

ಈಗ ಲೆಕ್ಕ. ನಿಧಾನವಾಗಿ ಓದಿ, ಒಂದು ಹಾಳೆ ಪೆನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮೊದಲು ಹಳೆ ಕಾನೂನಿನ ಲೆಕ್ಕವನ್ನೇ ಹಾಕೋಣ, ಅಂದರೆ ಅಣ್ಣಂದಿರು ಹೇಳಿದ್ದೆಲ್ಲ ಸರಿ ಅಂತಲೇ ಇಟ್ಟುಕೊಳ್ಳೋಣ. ಅಪ್ಪ ಸಾಯುವ ಮುಂಚಿನ ಗಳಿಗೆಯಲ್ಲಿ ಮನೆ ಪಾಲಾಯಿತು ಅಂತ ಕಾನೂನು ಊಹಿಸಿಕೊಳ್ಳುತ್ತದೆ. ಈ ಊಹೆಯನ್ನು ಅರ್ಧಕ್ಕೆ ನಿಲ್ಲಿಸಬಾರದು, ಕೊನೆ ಮುಟ್ಟುವವರೆಗೂ ಲೆಕ್ಕ ಹಾಕಬೇಕು ಅಂತ 1978ರಲ್ಲೇ ಗುರುಪಾದ ಖಂಡಪ್ಪ ಮಗದುಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪ, ಇಬ್ಬರು ಅಣ್ಣಂದಿರು, ಮೂರು ಪಾಲು, ತಲಾ 3 ಎಕರೆ. ಅಪ್ಪನ 3 ಎಕರೆ ಅಂದರೆ 120 ಗುಂಟೆ. ಅದು ಅಮ್ಮ ಮತ್ತು ಮೂವರು ಮಕ್ಕಳಿಗೆ ತಲಾ 30 ಗುಂಟೆ. 2011ರಲ್ಲಿ ಅಮ್ಮ ಹೋದ ಮೇಲೆ ಅವರ 30 ಗುಂಟೆ ಮೂವರಿಗೂ ತಲಾ 10. ನಿಮ್ಮದು 30 ಮತ್ತು 10, ಒಟ್ಟು 40 ಗುಂಟೆ. ಒಂದು ಎಕರೆ.

ನೋಡಿದಿರಾ? ತೀರಾ ಹಳೆ ಕಾನೂನಿನಲ್ಲೂ ನಿಮಗೆ ಒಂದು ಎಕರೆ ಇತ್ತು. 2016ರಲ್ಲೂ ಇತ್ತು. "ಏನೂ ಬರಲ್ಲ" ಅನ್ನುವುದು ಆಗಲೂ ತಪ್ಪು ಉತ್ತರವೇ. ಫೂಲವತಿ ತೀರ್ಪು ಕಿತ್ತುಕೊಂಡಿದ್ದು ಹುಟ್ಟಿನ ಪಾಲನ್ನು, ಅಪ್ಪನ ಪಾಲಿನಲ್ಲಿ ಬರುವ ಪಾಲನ್ನಲ್ಲ. ಜಗಳೂರಿನ ಆ ತಾಯಿಗೆ ನಾನು ಹೇಳದೆ ಬಿಟ್ಟಿದ್ದು ಇದನ್ನೇ. ಉಳಿದ ಕಾಗದ ಬಿಡಿಸಿ ನೋಡಿದ್ದರೆ ಅವತ್ತೇ ಹೇಳುತ್ತಿದ್ದೆ.

ಈಗಿನ ಕಾನೂನಿನ ಲೆಕ್ಕ: ಅಪ್ಪ, ಇಬ್ಬರು ಅಣ್ಣಂದಿರು, ನೀವು, ನಾಲ್ಕು ಪಾಲು, ತಲಾ 90 ಗುಂಟೆ. ಅಪ್ಪನ 90 ಗುಂಟೆ ಅಮ್ಮ ಮತ್ತು ಮೂವರು ಮಕ್ಕಳಿಗೆ ತಲಾ ಇಪ್ಪತ್ತೆರಡೂವರೆ. ಅಮ್ಮನದ್ದು ಮತ್ತೆ ಮೂವರಿಗೆ ತಲಾ ಏಳೂವರೆ. ನಿಮ್ಮದು ಒಟ್ಟು 120 ಗುಂಟೆ, 3 ಎಕರೆ. ಮೂವರಿಗೂ ಸಮ. ಒಂದು ವೇಳೆ ಆ ಜಮೀನು ತಾತನದ್ದಲ್ಲ, ಅಪ್ಪನೇ ದುಡಿದು ಕೊಂಡಿದ್ದು ಅಂತ ಅಣ್ಣಂದಿರು ವಾದಿಸಿದರೂ, ವಿಲ್ ಇಲ್ಲದ್ದರಿಂದ ಕೊನೆಗೆ ಬರುವುದು ಇದೇ 3 ಎಕರೆ.

ಹಾಗಾದರೆ ಜಗಳ ಎಲ್ಲಿ? ಆ ಬಿಳಿ ಹಾಳೆಯಲ್ಲಿ. ನಿಮ್ಮ ಪಾಲು ಒಂದು ಎಕರೆಯೋ ಮೂರು ಎಕರೆಯೋ ಅನ್ನುವುದು ಅದರ ಮೇಲೆ ನಿಂತಿದೆ. 2003 ಅನ್ನುವುದು 2004ರ ಡಿಸೆಂಬರ್ 20ಕ್ಕೆ ಮೊದಲು, ಹಾಗಾಗಿಯೇ ಅಣ್ಣಂದಿರು ಆ ವರ್ಷವನ್ನು ಬಿಗಿಯಾಗಿ ಹಿಡಿದಿದ್ದಾರೆ. ಆದರೆ ಪಾಲು ಅಂದರೆ ನೋಂದಣಿಯಾದ ವಿಭಾಗ ಪತ್ರ ಅಥವಾ ಕೋರ್ಟಿನ ಡಿಕ್ರಿ ಅಂತ ಕಾಯ್ದೆಯೇ ವಿವರಿಸಿದೆ. ಮಗಳಿಗೆ ತಪ್ಪಿಸಲೆಂದು "ಬಾಯ್ಮಾತಿನಲ್ಲಿ ಯಾವಾಗಲೋ ಪಾಲಾಗಿದೆ" ಅನ್ನುವ ಕಥೆ ಹುಟ್ಟಿಕೊಳ್ಳುತ್ತದೆ ಅನ್ನುವುದು ಕೋರ್ಟಿಗೆ ಗೊತ್ತು. ವಿನೀತಾ ಶರ್ಮಾ ತೀರ್ಪು ಇದನ್ನು ಬಿಡಿಸಿ ಹೇಳಿದೆ: ಬಾಯ್ಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪುವ ಹಾಗಿಲ್ಲ. ತೀರಾ ಅಪರೂಪಕ್ಕೆ, ಸರ್ಕಾರಿ ದಾಖಲೆಗಳು ಅದನ್ನು ಗಟ್ಟಿಯಾಗಿ ಬೆಂಬಲಿಸಿದರೆ ಮಾತ್ರ ಒಪ್ಪಬಹುದು. ಅದನ್ನು ರುಜುವಾತು ಮಾಡುವ ಹೊರೆ ಅಣ್ಣಂದಿರದ್ದು. ಪಂಚರು ಬಂದು ಸಾಕ್ಷಿ ಹೇಳಿದರೆ ಸಾಲದು.

ಅದಕ್ಕೇ ನೀವು ಮೊದಲು ಮಾಡಬೇಕಾದ ಕೆಲಸ ಪಹಣಿಯನ್ನು ಸರಿಯಾಗಿ ಓದುವುದು. 9ನೇ ಕಾಲಂನಲ್ಲಿ ಯಾರ ಹೆಸರಿದೆ ಅಂತ ಎಲ್ಲರೂ ನೋಡುತ್ತಾರೆ. ಅದರ ಪಕ್ಕದ 10ನೇ ಕಾಲಂ ನೋಡಿ. ಆ ಹೆಸರು ಯಾವ ದಾರಿಯಿಂದ ಬಂತು ಅಂತ ಅಲ್ಲಿ ಇರುತ್ತದೆ, ಜೊತೆಗೆ ಎಂಆರ್ ನಂಬರ್, ಅಂದರೆ ಖಾತೆ ಬದಲಾವಣೆಯ (ಮ್ಯುಟೇಷನ್) ನಂಬರ್, ಮತ್ತು ವರ್ಷ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮ್ಯುಟೇಷನ್ನಿನ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ಪೌತಿ (ಮಾಲೀಕರು ತೀರಿಕೊಂಡಿದ್ದರಿಂದ) ಅಂತ ಇದ್ದು ಇಬ್ಬರ ಹೆಸರೂ ಜಂಟಿಯಾಗಿದ್ದರೆ, 2003ರಲ್ಲಿ ಪಾಲೇ ಆಗಿಲ್ಲ, ಅಪ್ಪ ಸತ್ತರೆಂದು ಖಾತೆ ಬದಲಾಗಿದೆ ಅಷ್ಟೆ ಅಂತ ವಾದಿಸಲು ನಿಮಗೆ ಬಲ ಬರುತ್ತದೆ. ಪೌತಿ ಖಾತೆಗೆ ಕೊಟ್ಟ ವಂಶವೃಕ್ಷದ ನಕಲನ್ನೂ ತೆಗೆಸಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸಿದ್ದನ್ನು ನಾನು ಎಷ್ಟೋ ಫೈಲುಗಳಲ್ಲಿ ನೋಡಿದ್ದೇನೆ. ನಿಮ್ಮ ಹೆಸರೂ ಬಿಟ್ಟುಹೋಗಿದ್ದರೆ ಅದು ನಿಮಗೆ ದೊಡ್ಡ ಸಾಕ್ಷಿ. ಬದಲಿಗೆ ವಿಭಾಗ ಅಂತ ಇದ್ದು, ಪೋಡಿಯಾಗಿ (ಜಮೀನು ಅಳೆದು ಬೇರೆ ಮಾಡಿ), ಒಬ್ಬೊಬ್ಬರಿಗೆ ಬೇರೆ ಬೇರೆ ಹಿಸ್ಸಾ ನಂಬರ್ ಬಂದು, 2003ರಿಂದಲೇ ಬೆಳೆಸಾಲ, ಕಂದಾಯ ಎಲ್ಲ ಬೇರೆ ನಡೆದಿದ್ದರೆ ಅಣ್ಣಂದಿರ ವಾದಕ್ಕೆ ತೂಕ ಬರುತ್ತದೆ. ಆಗ ಕಷ್ಟದ ಹೋರಾಟ. ಆದರೆ ಅಪ್ಪನ ವಾರಸುದಾರಳಾಗಿ ಬರುವ ಪಾಲನ್ನು ನಿಮ್ಮನ್ನು ಬಿಟ್ಟು ಅವರಿಬ್ಬರೇ ಹಂಚಿಕೊಳ್ಳುವ ಹಾಗಿರಲಿಲ್ಲ. ಆ ಒಂದು ಎಕರೆಯ ವಾದ ಆಗಲೂ ಉಳಿಯುತ್ತದೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ, ಅದು ಕಂದಾಯಕ್ಕೆ ಇಟ್ಟ ಲೆಕ್ಕ. ಇದನ್ನು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ.

ಬಂಗಾರದ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಮದುವೆಯ ಖರ್ಚನ್ನು ಆಸ್ತಿಯ ಪಾಲಿಗೆ ವಜಾ ಹಾಕಿಕೊಳ್ಳಬಹುದು ಅಂತ ಯಾವ ಕಲಂನಲ್ಲೂ ಇಲ್ಲ.

ಕಾಲಮಿತಿಯ ಬಗ್ಗೆ ಮಾತ್ರ ಎಚ್ಚರ. ಕೂಡುಕುಟುಂಬದ ಆಸ್ತಿಯಿಂದ ನಮ್ಮನ್ನು ಹೊರಗಿಟ್ಟಿದ್ದಾರೆ ಅಂತ ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಒಬ್ಬ ಪಾಲುದಾರ ಉಳುತ್ತಿದ್ದರೆ ಅದು ಎಲ್ಲ ಪಾಲುದಾರರ ಪರವಾಗಿಯೇ ಉಳುತ್ತಿದ್ದ ಹಾಗೆ, ಸುಮ್ನೆ ವರ್ಷ ಕಳೆದ ಮಾತ್ರಕ್ಕೆ ಇನ್ನೊಬ್ಬರ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ಪಿ. ಲಕ್ಷ್ಮೀ ರೆಡ್ಡಿ ಪ್ರಕರಣದಲ್ಲಿ ಹೇಳಿದೆ. ಆದರೂ ಅಣ್ಣಂದಿರ ವಕೀಲರು "ಇವರಿಗೆ 2003ರಲ್ಲೇ ಎಲ್ಲ ಗೊತ್ತಿತ್ತು" ಅಂತ ಹೇಳಿಯೇ ಹೇಳುತ್ತಾರೆ. ಪಹಣಿ ನೋಡಿದ್ದು ಹೋದ ತಿಂಗಳು ಅಂದಿರಲ್ಲ, ಆ ತಾರೀಖು ಬರೆದಿಟ್ಟುಕೊಳ್ಳಿ, ಪ್ರತಿ ತೆಗೆಸಿದ ರಸೀದಿ ಇದ್ದರೆ ಜೋಪಾನ ಮಾಡಿ. ಬಿಡುಗಡೆ ಪತ್ರಕ್ಕೆ ಒಮ್ಮೆ ಸಹಿ ಹಾಕಿ ನೋಂದಣಿಯಾದರೆ ಕಥೆ ಬೇರೆ. ಮೋಸವಾಯಿತು ಅಂತ ಅದನ್ನು ರದ್ದು ಮಾಡಿಸಲು ಸಿಗುವುದು ಗೊತ್ತಾದಾಗಿನಿಂದ 3 ವರ್ಷ, ಮೋಸ ರುಜುವಾತು ಮಾಡುವ ಹೊರೆಯೂ ನಿಮ್ಮದೇ. ಸೀರೆ, ದುಡ್ಡು ತೆಗೆದುಕೊಂಡು ಸಹಿ ಹಾಕಿದವರ ಮಾತು ಅಲ್ಲಿ ಬಹಳ ಹಗುರವಾಗುತ್ತದೆ.

ನಿಮ್ಮಂತೆಯೇ ಬರೆಯುವ ಇನ್ನಿಬ್ಬರಿಗೆ ಇಲ್ಲೇ ಒಂದು ಮಾತು. ನಾವು ಲಿಂಗಾಯತರು, ನಮಗೆ ಹಿಂದೂ ಕಾಯ್ದೆ ಅನ್ವಯಿಸುತ್ತದಾ ಅಂತ ಕೇಳುತ್ತಾರೆ. ಅನ್ವಯಿಸುತ್ತದೆ, ಕಾಯ್ದೆಯ 2ನೇ ಕಲಂನಲ್ಲೇ ವೀರಶೈವ, ಲಿಂಗಾಯತ ಅಂತ ಹೆಸರು ಹಾಕಿದೆ. ಪರಿಶಿಷ್ಟ ಪಂಗಡದವರ ಸ್ಥಿತಿ ಬೇರೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಅವರಿಗಿಲ್ಲ ಅಂತ ಅದೇ ಕಲಂ ಹೇಳುತ್ತದೆ. ಚಿತ್ರದುರ್ಗ, ದಾವಣಗೆರೆಯಲ್ಲಿ ನಾಯಕ ಸಮುದಾಯದ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ! 2022ರ ಡಿಸೆಂಬರ್‌ನಲ್ಲಿ ಕಮಲಾ ನೇತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಸರಿಯಲ್ಲ, ಬದಲಿಸುವ ಬಗ್ಗೆ ಯೋಚಿಸಿ ಅಂತ ಕೇಂದ್ರಕ್ಕೆ ಹೇಳಿದೆ. ಬುಡಕಟ್ಟಿನ ಮಗಳು ಮಾತ್ರ ಇನ್ನೂ ಯಾಕೆ ಕಾಯಬೇಕು ಅಂತ ನನಗೆ ಅರ್ಥವಾಗುವುದಿಲ್ಲ.

ಇನ್ನು ತವರಿನ ಮಾತು. ಅದಕ್ಕೆ ನನ್ನ ಹತ್ತಿರ ಕಲಂ ಇಲ್ಲ. ಕೋರ್ಟಿನ ಮೆಟ್ಟಿಲಲ್ಲಿ ಒಡೆದ ಮನೆಗಳನ್ನೂ ನೋಡಿದ್ದೇನೆ, ಪಾಲು ಕೊಟ್ಟ ಮೇಲೂ ತಂಗಿಯನ್ನು ಗೌರಿ ಹಬ್ಬಕ್ಕೆ ಕರೆಯುವ ಅಣ್ಣಂದಿರನ್ನೂ ನೋಡಿದ್ದೇನೆ. ಹಾಗಾಗಿ ಮೊದಲು ಮಾತಾಡಿ. ದಾವೆ ಹಾಕಿದರೆ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ಕಂದಾಯ ಇಲಾಖೆಯವರು ಬಂದು ಅಳೆದು ಕೊಡಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಎಲ್ಲರೂ ಕೂತು ಒಪ್ಪಿದರೆ ಒಂದು ನೋಂದಾಯಿತ ವಿಭಾಗ ಪತ್ರದಲ್ಲಿ, ಅದಕ್ಕೆ ಬೇಕಾದ 11ಇ ನಕ್ಷೆ (ಭಾಗವಾಗುವ ಜಮೀನಿನ ಸರ್ವೆ ನಕ್ಷೆ) ಮಾಡಿಸಿಕೊಂಡು, ಮುಗಿಸಬಹುದು. ಮೂರು ಎಕರೆಯನ್ನೂ ಗದ್ದೆಯಾಗಿಯೇ ತೆಗೆದುಕೊಳ್ಳಬೇಕು ಅಂತಿಲ್ಲ. ಅದರ ಬೆಲೆ ತೆಗೆದುಕೊಂಡು ಬಿಡುಗಡೆ ಪತ್ರ ಬರೆದುಕೊಡುವುದೂ ನಿಮ್ಮ ಇಷ್ಟ. ಏನೂ ಬೇಡ ಅಂತ ಮನಸ್ಸಾರೆ ಬಿಟ್ಟುಕೊಡುವುದೂ ನಿಮ್ಮ ಇಷ್ಟವೇ. ಆದರೆ ಬಿಡುವವರು ಮೂರು ಎಕರೆ ಬಿಡುತ್ತಿದ್ದೇನೆ ಅಂತ ತಿಳಿದು ಬಿಡಬೇಕು, ಏನೂ ಇಲ್ಲ ಅಂದುಕೊಂಡು ಅಲ್ಲ.

ಅಣ್ಣ ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದರೆ ಜಗಳ ಬೇಡ. "ಕರಡು ಪ್ರತಿ ಕೊಡಣ್ಣಾ, ಒಬ್ಬರ ಹತ್ತಿರ ಓದಿಸಿ ಹೇಳ್ತೀನಿ" ಅನ್ನಿ. ಕೊಟ್ಟರೆ ಎಂಆರ್ ನಕಲು, ವಂಶವೃಕ್ಷ, ಋಣಭಾರ ಪತ್ರ, ಅಪ್ಪ ಅಮ್ಮನ ಮರಣ ಪತ್ರಗಳ ಜೊತೆ ಅದನ್ನೂ ಇಟ್ಟುಕೊಂಡು ಒಬ್ಬ ವಕೀಲರ ಬಳಿ ಹೋಗಿ. ಕೊಡದೆ, ಜಮೀನು ಮಾರಲು ಓಡಾಡುತ್ತಿದ್ದಾರೆ ಅಂತ ಸುದ್ದಿ ಬಂದರೆ ಮಾತ್ರ ತಡ ಮಾಡಬೇಡಿ. ಆಗ ಪಾಲಿನ ದಾವೆಯ ಜೊತೆಗೇ ಪರಭಾರೆ ಮಾಡದಂತೆ ತಡೆಯಾಜ್ಞೆಯ ಅರ್ಜಿಯನ್ನೂ ಅದೇ ದಿನ ಹಾಕಿಸಿ.